ಹೋಳಿಗೆ ನಿಮ್ಮದು, ಹೆಸರು ಯಾರದು?

ಕಾನೂನು ಎಂದ ಕೂಡಲೇ ಪುಟ ಮಗುಚಿ ಹೊಸರುಚಿಯ ಅಂಕಣಕ್ಕೆ ಹಾರಿಬಿಡಬೇಡಿ, ಸೋದರಿ! ಈ ಲೇಖನವೂ ಅಡುಗೆಮನೆಯಿಂದಲೇ ಶುರುವಾಗುತ್ತದೆ. ಒಲೆಯ ಮೇಲಿಟ್ಟ ಹೂರಣ ತಳ ಹಿಡಿಯದಂತೆ ನೋಡಿಕೊಳ್ಳುತ್ತಲೇ ಓದಬಹುದು.

ನಮ್ಮ ಚಿತ್ರದುರ್ಗ ಸೀಮೆಯಲ್ಲಿ ಕೈಕಟ್ಟಿ ಕುಳಿತ ಹೆಂಗಸು ಸಿಗುವುದು ಅಪರೂಪ. ಹಿರಿಯೂರಿನಲ್ಲಿ ಒಬ್ಬರು ಶೇಂಗಾ ಚಟ್ನಿಪುಡಿ ಕುಟ್ಟಿ ಮಾರುತ್ತಾರೆ. ಹೊಸದುರ್ಗದಲ್ಲಿ ಇನ್ನೊಬ್ಬರ ಕೊಬ್ಬರಿ ಮಿಠಾಯಿ ಮದುವೆಮನೆಗಳಿಗೆ ಹೋಗುತ್ತದೆ. ಹೊಳಲ್ಕೆರೆಯ ಓಣಿಯಲ್ಲಿ ಬೇಸಿಗೆ ಬಂತೆಂದರೆ ಹಪ್ಪಳ ಸಂಡಿಗೆ ಒಣಗುತ್ತವೆ. ದುರ್ಗದಲ್ಲಿ ಖಡಕ್ ರೊಟ್ಟಿಗೆ, ಹೋಳಿಗೆಗೆ ಹಬ್ಬದ ವಾರ ಬಿಡುವೇ ಇರುವುದಿಲ್ಲ. ಮೊದಮೊದಲು ಅಕ್ಕಪಕ್ಕದವರಿಗೆ, ಆಮೇಲೆ ನಾಲ್ಕು ಅಂಗಡಿಗೆ, ಆಮೇಲೆ ಬೆಂಗಳೂರಿನ ನೆಂಟರ ಮೂಲಕ ಅಪಾರ್ಟ್‌ಮೆಂಟುಗಳಿಗೆ. ಅಷ್ಟು ಹೊತ್ತಿಗೆ ಪಾಕೀಟಿನ ಮೇಲೆ ಒಂದು ಹೆಸರು ಬಂದಿರುತ್ತದೆ. ಜನ ಆ ಹೆಸರನ್ನೇ ಕೇಳಿ ಕೊಳ್ಳುತ್ತಾರೆ.

ಒಂದು ಮಾತಿಗೆ ಹೀಗಿಟ್ಟುಕೊಳ್ಳಿ. ನೀವು ಆರು ವರ್ಷದಿಂದ ‘ನವಿಲುಗೂಡು’ ಎಂಬ ಹೆಸರಿನಲ್ಲಿ ಚಟ್ನಿಪುಡಿ ಮಾರುತ್ತಿದ್ದೀರಿ. ಒಂದು ದಿನ ಅಂಚೆಯಲ್ಲಿ ವಕೀಲರ ನೋಟೀಸು ಬರುತ್ತದೆ: ‘ನವಿಲುಗೂಡು’ ಎಂಬ ಹೆಸರನ್ನು ಇಂಥವರು ನೋಂದಾಯಿಸಿಕೊಂಡಿದ್ದಾರೆ, ನೀವು ಕೂಡಲೇ ಬಳಸುವುದನ್ನು ನಿಲ್ಲಿಸಬೇಕು! ನೋಡಿದರೆ ಆ ‘ಇಂಥವರು’ ಬೇರಾರೂ ಅಲ್ಲ, ನಿಮ್ಮಿಂದಲೇ ಪುಡಿ ಕೊಂಡು ಮಾರುತ್ತಿದ್ದ ವ್ಯಾಪಾರಿ. ಆಗ ಏನು ಮಾಡುತ್ತೀರಿ? “ಅಯ್ಯೋ, ಹೋಗ್ಲಿ ಬಿಡಿ, ನಮಗ್ಯಾಕೆ ಕೋರ್ಟು ಕಚೇರಿ” ಎಂದು ಕೈಬಿಡುತ್ತೀರಾ?

ಕೈಬಿಡಬೇಕಾಗಿಲ್ಲ. ಆದರೆ ಕಾನೂನು ನಿಮ್ಮ ಕಡೆ ನಿಲ್ಲಬೇಕಾದರೆ ನೀವು ಮೊದಲೇ ಒಂದೆರಡು ಕೆಲಸ ಮಾಡಿಟ್ಟಿರಬೇಕು. ಅದನ್ನು ತಿಳಿಸುವುದೇ ಈ ಬರಹದ ಉದ್ದೇಶ.

ನಾಲ್ಕು ಬೀಗ, ನಾಲ್ಕು ಕೀಲಿ

ಬುದ್ಧಿಯಿಂದ, ಕೈಚಳಕದಿಂದ ಹುಟ್ಟಿದ್ದಕ್ಕೂ ಆಸ್ತಿಯ ಹಾಗೆ ಹಕ್ಕುಂಟು. ಆದರೆ ಎಲ್ಲಕ್ಕೂ ಒಂದೇ ಕಾನೂನು ಎಂದು ತಿಳಿಯುವುದು ತಪ್ಪು. ಮನೆಯಲ್ಲಿ ಬೀರುವಿಗೊಂದು, ಟ್ರಂಕಿಗೊಂದು ಬೀಗವಿದ್ದಂತೆ ಇಲ್ಲಿಯೂ ಬೇರೆ ಬೇರೆ.

ವ್ಯಾಪಾರದ ಹೆಸರು, ಗುರುತು, ಚಿತ್ರ – ಇದಕ್ಕೆ ಟ್ರೇಡ್‌ಮಾರ್ಕ್. ಬರೆದ ಕಥೆ, ಹಾಡು, ತೆಗೆದ ಫೋಟೋ, ಸಿನಿಮಾ – ಇದಕ್ಕೆ ಕೃತಿಸ್ವಾಮ್ಯ, ಜನ ಹೇಳುವ ಹಾಗೆ ಕಾಪಿರೈಟ್. ಹೊಸದಾಗಿ ಕಂಡುಹಿಡಿದ ಯಂತ್ರ, ಔಷಧ, ತಯಾರಿಕೆಯ ವಿಧಾನ – ಇದಕ್ಕೆ ಪೇಟೆಂಟ್. ಒಂದು ಊರಿನ ಮಣ್ಣು, ನೀರು, ಕೈಗುಣದಿಂದಲೇ ಹೆಸರಾದ ಪದಾರ್ಥ – ಇದಕ್ಕೆ ಭೌಗೋಳಿಕ ಗುರುತು, ಅಂದರೆ ಜಿ.ಐ. ಟ್ಯಾಗ್.

ನಿಮ್ಮ ಒಂದು ಚಟ್ನಿಪುಡಿ ಪಾಕೀಟನ್ನೇ ಕೈಗೆತ್ತಿಕೊಳ್ಳಿ. ಮೇಲಿನ ಹೆಸರು ಟ್ರೇಡ್‌ಮಾರ್ಕಿಗೆ ಸೇರಿದ್ದು. ಹಿಂದೆ ನೀವು ಬರೆದ ನಾಲ್ಕು ಸಾಲು, ಬರೆಸಿದ ಚಿತ್ರ ಕೃತಿಸ್ವಾಮ್ಯಕ್ಕೆ. ಒಳಗೆ ಬ್ಯಾಡಗಿ ಮೆಣಸಿನಕಾಯಿ ಇದ್ದರೆ ಅದಕ್ಕೆ ಜಿ.ಐ. ಉಂಟು. ಪುಡಿ ಮಾಡುವ ಯಂತ್ರದಲ್ಲಿ ಯಾರಾದರೂ ಹೊಸ ಉಪಾಯ ಕಂಡುಹಿಡಿದಿದ್ದರೆ ಪೇಟೆಂಟು. ಒಂದು ಪಾಕೀಟಿನಲ್ಲಿ ನಾಲ್ಕೂ ಸೇರಿಕೊಂಡಿವೆ ನೋಡಿ!

ಹೆಸರು ಇಡುವಾಗಲೇ ಎಚ್ಚರ

ಮಗುವಿಗೆ ಹೆಸರಿಡಲು ಎಷ್ಟು ಯೋಚಿಸುತ್ತೇವೆ! ವ್ಯಾಪಾರಕ್ಕೆ ಇಡುವಾಗಲೂ ಅಷ್ಟೇ ಯೋಚಿಸಬೇಕು. ಈಗ ಜಾರಿಯಲ್ಲಿರುವುದು 1999ರ ಟ್ರೇಡ್‌ಮಾರ್ಕ್ ಕಾಯಿದೆ. ಅದು 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಎಲ್ಲ ಹೆಸರಿಗೂ ಈ ಕಾಯಿದೆ ರಕ್ಷಣೆ ಕೊಡುವುದಿಲ್ಲ. ‘ರುಚಿಯಾದ ಹೋಳಿಗೆ’ ಎಂಬುದು ಹೆಸರಲ್ಲ, ಹೊಗಳಿಕೆ. ‘ಚಟ್ನಿಪುಡಿ’ ಎಂಬುದು ಪದಾರ್ಥದ ಹೆಸರು, ಎಲ್ಲರ ಸೊತ್ತು. ಬರೀ ‘ಚಿತ್ರದುರ್ಗ’ ಎಂಬ ಊರಿನ ಹೆಸರನ್ನು ಒಬ್ಬರಿಗೇ ಬರೆದುಕೊಡಲು ಬರುವುದಿಲ್ಲ.

ದೇವರು, ಪುರಾಣದ ಹೆಸರುಗಳು? ಒಬ್ಬ ವ್ಯಾಪಾರಿ ಊದುಬತ್ತಿಗೆ ‘ರಾಮಾಯಣ’ ಎಂಬ ಹೆಸರನ್ನು ತನಗೇ ನೋಂದಾಯಿಸಿಕೊಡಬೇಕೆಂದು ಕೇಳಿದಾಗ, ಪವಿತ್ರ ಗ್ರಂಥದ ಹೆಸರನ್ನು ಒಬ್ಬರ ಸ್ವತ್ತು ಮಾಡಲಾಗದು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. ಸಾಮಾನ್ಯ ದೇವರ ಹೆಸರುಗಳು ನೋಂದಣಿಯಾಗಿರುವುದುಂಟು. ಆದರೆ ಬೀದಿಗೊಂದು ಲಕ್ಷ್ಮಿ, ಓಣಿಗೊಂದು ಅನ್ನಪೂರ್ಣೆ ಇರುವಾಗ ನಿಮ್ಮ ಅನ್ನಪೂರ್ಣೆಯನ್ನು ಕಾಪಾಡಿಕೊಳ್ಳುವುದು ಕಷ್ಟ.

ಇದಕ್ಕೆ ನಮ್ಮ ರಾಜ್ಯದ್ದೇ ದೊಡ್ಡ ಉದಾಹರಣೆಯಿದೆ. ಬೆಳಗಾದರೆ ನಾವು ಕಾಯಿಸುವ ನಂದಿನಿ ಹಾಲು ಗೊತ್ತಲ್ಲ? ಕರ್ನಾಟಕ ಹಾಲು ಮಹಾಮಂಡಲ 1985ರಿಂದ ಆ ಹೆಸರು ಬಳಸುತ್ತಿದೆ. ಬೆಂಗಳೂರಿನಲ್ಲಿ 1989ರಿಂದ ‘ನಂಧಿನಿ ಡಿಲಕ್ಸ್’ ಎಂಬ ಹೋಟೆಲುಗಳಿವೆ. ಹೋಟೆಲಿನವರು ತಮ್ಮ ಹೆಸರನ್ನು ಕೆಲವು ಆಹಾರ ಪದಾರ್ಥಗಳಿಗೂ ನೋಂದಾಯಿಸಲು ಹೊರಟಾಗ ಮಹಾಮಂಡಲ ಆಕ್ಷೇಪಿಸಿತು. ವ್ಯಾಜ್ಯ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. 2018ರ ಜುಲೈನಲ್ಲಿ ತೀರ್ಪು ಬಂತು: ನಂದಿನಿ ಎಂಬುದು ಪುರಾಣದ ಹಸುವಿನ ಹೆಸರು, ಯಾರೂ ಹೊಸದಾಗಿ ಕಟ್ಟಿದ ಪದವಲ್ಲ, ಎರಡರ ಚಿತ್ರ, ಬರವಣಿಗೆ, ಪದಾರ್ಥ ಬೇರೆ ಬೇರೆ, ಕೊಳ್ಳುವವರಿಗೆ ಗೊಂದಲವಾಗದು. ಆದ್ದರಿಂದ ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು ಉಳಿದವಕ್ಕೆ ಹೋಟೆಲಿನವರು ಹೆಸರು ಬಳಸಬಹುದು.

ಮಕ್ಕಳಿಗೆ ಮಾಡಿಕೊಡುವ ನೂಡಲ್ಸಿನ ಜಗಳವೂ ಹೀಗೆಯೇ. ‘ಮ್ಯಾಜಿಕ್ ಮಸಾಲ’ ನಮ್ಮದು ಎಂದು ಯಿಪ್ಪಿ ತಯಾರಿಸುವ ಐ.ಟಿ.ಸಿ., ‘ಮ್ಯಾಜಿಕಲ್ ಮಸಾಲ’ ಎಂದು ಬರೆದ ಮ್ಯಾಗಿಯ ನೆಸ್ಲೆ ಮೇಲೆ ದಾವೆ ಹೂಡಿತ್ತು. ಮದರಾಸು ಹೈಕೋರ್ಟು 2020ರಲ್ಲಿ ದಾವೆ ವಜಾ ಮಾಡಿತು. ‘ಮ್ಯಾಜಿಕ್’ ಬರೀ ಹೊಗಳಿಕೆಯ ಮಾತು, ‘ಮಸಾಲ’ ಎಲ್ಲರ ಮನೆಯದು. ಇದರಲ್ಲಿ ಒಬ್ಬರ ಸ್ವಾಮ್ಯವೇನು ಬಂತು?

ಕೋಟಿಗಟ್ಟಲೆ ವ್ಯವಹಾರದವರೇ ಹೀಗೆ ಸೋಲಬಹುದಾದರೆ ನಾವು ಕಲಿಯಬೇಕಾದದ್ದು ಒಂದೇ: ಪದಾರ್ಥಕ್ಕೆ ಸಂಬಂಧವೇ ಇಲ್ಲದ, ಬೇರೆ ಯಾರೂ ಇಡದ ಹೆಸರು ಗಟ್ಟಿ. ಹೊಗಳಿಕೆಯ ಹೆಸರು ಪೊಳ್ಳು.

ನೋಂದಣಿ ಹೇಗೆ, ಖರ್ಚೆಷ್ಟು?

“ಅದಕ್ಕೆಲ್ಲ ಲಕ್ಷಗಟ್ಟಲೆ ಬೇಕಂತೆ” ಎಂಬುದು ಬರೀ ಬಾಯಿಮಾತು. 2017ರ ನಿಯಮಗಳ ಪ್ರಕಾರ ವ್ಯಕ್ತಿಯಾಗಿ ಅಥವಾ ಸಣ್ಣ ಉದ್ಯಮವಾಗಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ಕಾಗದದ ಅರ್ಜಿಯಾದರೆ 5,000. ದೊಡ್ಡ ಕಂಪನಿಗಳಿಗೆ ಇದರ ಎರಡರಷ್ಟು. ವಕೀಲರನ್ನಿಟ್ಟರೆ ಅವರ ಶುಲ್ಕ ಬೇರೆ. ಲೋಕದ ಎಲ್ಲ ಸರಕು, ಸೇವೆಗಳನ್ನು 45 ವರ್ಗಗಳಾಗಿ ಹಂಚಿದ್ದಾರೆ. ಮಸಾಲೆಪುಡಿ, ಹಿಟ್ಟು, ಸಿಹಿತಿಂಡಿ 30ನೆಯ ವರ್ಗ. ಉಪ್ಪಿನಕಾಯಿ, ಖಾದ್ಯತೈಲ 29ನೆಯದು.

ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಹಾಗೆಂದು ಚೆನ್ನೈಗೆ ಬಸ್ಸು ಹತ್ತಬೇಕಾಗಿಲ್ಲ. ಮೊದಲು ಅವರ ಜಾಲತಾಣದಲ್ಲಿ ಅದೇ ಹೆಸರು ಬೇರೆಯವರಿಗಿದೆಯೇ ಎಂದು ಹುಡುಕಿ, ಹುಡುಕಲು ದುಡ್ಡಿಲ್ಲ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಗಳಿದ್ದರೆ ಕೂರಿಸಿಕೊಂಡು ನೋಡಿ. ಆಮೇಲೆ ಅರ್ಜಿ. ಕಚೇರಿಯವರು ಪರೀಕ್ಷಿಸಿ ಆಕ್ಷೇಪಣೆ ಕಳಿಸಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಇಲ್ಲಿ ಸೋಮಾರಿತನ ಮಾಡಿ ಅರ್ಜಿ ಕಳೆದುಕೊಳ್ಳಬೇಡಿ. ಆಮೇಲೆ ಅವರ ಪ್ರಕಟಣೆಯಲ್ಲಿ ನಿಮ್ಮ ಹೆಸರು ಬರುತ್ತದೆ. ನಾಲ್ಕು ತಿಂಗಳೊಳಗೆ ಯಾರೂ ವಿರೋಧಿಸದಿದ್ದರೆ ನೋಂದಣಿ. ಅದು 10 ವರ್ಷಕ್ಕೆ. ಮತ್ತೆ ಮತ್ತೆ ನವೀಕರಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ಪಾಕೀಟಿನ ಮೇಲೆ ‘ಟಿ.ಎಂ.’ ಎಂದು ಯಾರು ಬೇಕಾದರೂ ಹಾಕಬಹುದು. ಪುಟ್ಟ ವೃತ್ತದೊಳಗಿನ ‘ಆರ್’ ಅಕ್ಷರ ಮಾತ್ರ ನೋಂದಣಿ ಆದ ಮೇಲೆಯೇ. ಮೊದಲೇ ಹಾಕಿಕೊಂಡರೆ ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುತ್ತೀರಿ.

ಇನ್ನೊಂದು ಮಾತು. ಆಹಾರ ಮಾರುವವರು ಪಡೆಯುವ ಎಫ್.ಎಸ್.ಎಸ್.ಎ.ಐ. ನೋಂದಣಿಯೂ, ಉದ್ಯಮಕ್ಕೆ ಪಡೆಯುವ ‘ಉದ್ಯಮ್’ ನೋಂದಣಿಯೂ ನಿಮ್ಮ ಹೆಸರನ್ನು ಕಾಪಾಡುವುದಿಲ್ಲ. ಅವು ಬೇರೆ, ಇದು ಬೇರೆ. “ಎಲ್ಲಾ ಲೈಸೆನ್ಸು ಮಾಡಿಸಿದ್ದೀನಿ” ಎಂದು ನಿಶ್ಚಿಂತೆಯಾಗಿರುವವರು ಇದನ್ನು ಗಮನಿಸಬೇಕು.

ನೋಂದಾಯಿಸದವರ ಗತಿ?

ಈಗ ಮೊದಲು ಹೇಳಿದ ‘ನವಿಲುಗೂಡು’ ತಾಯಿಗೆ ಬರೋಣ. ಆಕೆ ನೋಂದಾಯಿಸಿರಲಿಲ್ಲ. ಆದರೂ ಕಾಯಿದೆಯ 34ನೆಯ ಕಲಮು ಆಕೆಯ ಕೈ ಹಿಡಿಯುತ್ತದೆ. ನೋಂದಾಯಿಸಿದವನು ಆ ಹೆಸರನ್ನು ಬಳಸಲು ತೊಡಗಿದ ದಿನಕ್ಕಿಂತಲೂ, ಅದನ್ನು ನೋಂದಾಯಿಸಿದ ದಿನಕ್ಕಿಂತಲೂ ಮೊದಲಿನಿಂದ ಆಕೆ ಬಿಡದೆ ಬಳಸುತ್ತ ಬಂದಿದ್ದರೆ, ಅವನು ಆಕೆಯನ್ನು ತಡೆಯಲಾರ. ಅಷ್ಟೇ ಅಲ್ಲ, ಅವನ ನೋಂದಣಿಯನ್ನೇ ರದ್ದು ಮಾಡಿ ಎಂದು ಆಕೆ ಕೇಳಬಹುದು.

ಆದರೆ ‘ಮೊದಲಿನಿಂದ’ ಎಂಬುದಕ್ಕೆ ಸಾಕ್ಷಿ ಎಲ್ಲಿ? ಇಲ್ಲಿಯೇ ನಮ್ಮ ಹೆಣ್ಣುಮಕ್ಕಳು ಸೋಲುವುದು. ಲೆಕ್ಕವೆಲ್ಲ ಬಾಯಲ್ಲಿ, ಬಿಲ್ಲು ಬರೆಯುವುದಿಲ್ಲ, ಮೊದಲ ಪಾಕೀಟು ಎಂದೋ ಒಲೆ ಸೇರಿತು. ತಾರೀಖು ಇರುವ ಬಿಲ್ಲು, ಮುದ್ರಣಾಲಯದವರು ಕೊಟ್ಟ ರಸೀತಿ, ಊರ ಸಂತೆ–ಮೇಳದಲ್ಲಿ ಮಳಿಗೆ ಹಾಕಿದಾಗ ತೆಗೆದ ಫೋಟೋ, ಬ್ಯಾಂಕಿನ ಪಾಸುಪುಸ್ತಕ, ಮೊಬೈಲಿನಲ್ಲಿ ಬಂದ ಬೇಡಿಕೆಗಳು – ಇವೇ ನಿಮ್ಮ ಸಾಕ್ಷಿಗಳು.

ಮತ್ತೊಂದು ಎಚ್ಚರಿಕೆ. ಇನ್ನೊಬ್ಬರು ನಿಮ್ಮ ಹೆಸರನ್ನು ನೋಂದಾಯಿಸಿಕೊಂಡು ಬಳಸುವುದು ಗೊತ್ತಿದ್ದೂ ಬಿಡದೆ ಐದು ವರ್ಷ ಸುಮ್ಮನಿದ್ದರೆ, ಆಮೇಲೆ ಆ ನೋಂದಣಿಯನ್ನು ಪ್ರಶ್ನಿಸುವ ಹಕ್ಕು ಬಹುಮಟ್ಟಿಗೆ ಕೈತಪ್ಪುತ್ತದೆ. ‘ಯಾಕೆ ಜಗಳ’ ಎನ್ನುವ ನಮ್ಮ ಒಳ್ಳೆಯತನಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ.

ಇಂಥ ದಾವೆಗಳು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ನಡೆಯುವುದಿಲ್ಲ. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಚಿತ್ರದುರ್ಗದಲ್ಲಿದೆ. ತಾಲ್ಲೂಕುಗಳಲ್ಲಿ ಅದರ ಸಮಿತಿಗಳಿವೆ. 15100 ಎಂಬ ಸಹಾಯವಾಣಿಗೆ ಫೋನು ಮಾಡಿಯೂ ಕೇಳಬಹುದು.

ಓಬವ್ವ ಎಲ್ಲರವಳು, ಕಾದಂಬರಿ ತ.ರಾ.ಸು. ಅವರದು

ಕೃತಿಸ್ವಾಮ್ಯದ ಮರ್ಮ ತಿಳಿಯಲು ದುರ್ಗದ ಕೋಟೆಗಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಕಿಲ್ಲ. ಒನಕೆ ಓಬವ್ವನ ಕಥೆ ಯಾರ ಸ್ವತ್ತು? ಯಾರದೂ ಅಲ್ಲ, ಎಲ್ಲರದು. ನೀವು ನಾಟಕ ಬರೆಯಬಹುದು, ನಿಮ್ಮ ಮಗಳು ಹಾಡು ಕಟ್ಟಬಹುದು. ಆದರೆ ದುರ್ಗದ ಇತಿಹಾಸವನ್ನು ತ.ರಾ. ಸುಬ್ಬರಾಯರು ತಮ್ಮ ಮಾತಿನಲ್ಲಿ ಬರೆದ ‘ದುರ್ಗಾಸ್ತಮಾನ’ದ ಪುಟಗಳು ಅವರವು. ಅವರು ತೀರಿಕೊಂಡದ್ದು 1984ರಲ್ಲಿ. ಕೃತಿಸ್ವಾಮ್ಯ ಲೇಖಕರ ಜೀವಮಾನ ಮತ್ತು ಆ ಬಳಿಕ 60 ವರ್ಷ. ಅಂದರೆ 2044 ಮುಗಿಯುವವರೆಗೆ ಹಕ್ಕುದಾರರ ಒಪ್ಪಿಗೆಯಿಲ್ಲದೆ ಆ ಪುಸ್ತಕವನ್ನು ಅಚ್ಚು ಹಾಕುವಂತಿಲ್ಲ, ಪುಟಗಳ ಫೋಟೋ ತೆಗೆದು ಮೊಬೈಲಿನಲ್ಲಿ ಹಂಚುವಂತೆಯೂ ಇಲ್ಲ. ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’ ಸಿನಿಮಾ ಅವರ ಮೂರು ಕಾದಂಬರಿಗಳನ್ನು ಆಧರಿಸಿದ್ದು. ಕಾದಂಬರಿಯನ್ನು ಸಿನಿಮಾ ಮಾಡಲು, ಬೇರೆ ಭಾಷೆಗೆ ಅನುವಾದಿಸಲು ಅನುಮತಿ ಕೊಡುವ ಹಕ್ಕೂ ಲೇಖಕರದೇ.

ವಿಷಯಕ್ಕೆ ಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಸ್ವಾಮ್ಯ – ಇದನ್ನು ಸುಪ್ರೀಂ ಕೋರ್ಟು 1978ರಲ್ಲಿಯೇ ಆರ್.ಜಿ. ಆನಂದ್ ಎಂಬ ನಾಟಕಕಾರರ ಮೊಕದ್ದಮೆಯಲ್ಲಿ ಸ್ಪಷ್ಟಪಡಿಸಿದೆ. ಮೊದಲು ಈ ಅವಧಿ 50 ವರ್ಷವಿತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ ಎದ್ದ ಚರ್ಚೆಯಿಂದ 1992ರಲ್ಲಿ 60ಕ್ಕೆ ಏರಿತು.

ಇದೇ ತಕ್ಕಡಿಯಲ್ಲಿ ಅಡುಗೆಯನ್ನೂ ತೂಗಿ. ‘ಒಂದು ಪಾವು ಕಡಲೆಬೇಳೆ, ಒಂದು ಅಚ್ಚು ಬೆಲ್ಲ, ಏಲಕ್ಕಿ ನಾಲ್ಕು’ ಎಂಬ ಪಟ್ಟಿಗೆ ಕಾಪಿರೈಟ್ ಇಲ್ಲ. ನಿಮ್ಮ ಹೋಳಿಗೆಯ ಹದ ಕಂಡುಕೊಂಡು ಓರಗಿತ್ತಿ ಮಾಡಿದರೆ ಯಾವ ಕೋರ್ಟೂ ತಡೆಯದು! ಆದರೆ ಹೂರಣ ರುಬ್ಬುವ ಬಗೆ, ಕಣಕದ ಗುಟ್ಟು, ಅತ್ತೆಯ ಮಾತು ಸೇರಿಸಿ ನೀವು ಬರೆದ ಲೇಖನವನ್ನು, ತೆಗೆದ ಫೋಟೋವನ್ನು, ಮಾಡಿದ ವಿಡಿಯೋವನ್ನು ಹಾಗೆಯೇ ಎತ್ತಿ ತನ್ನದೆಂದು ಹಾಕಿಕೊಂಡರೆ ಅದು ಕಳವು. ಇದಕ್ಕೆ ನೋಂದಣಿಯೂ ಬೇಡ. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ಸಾಕ್ಷಿ ಗಟ್ಟಿಯಿರಲಿ ಎಂದರೆ ಬರಹಕ್ಕೆ 500 ರೂಪಾಯಿ ಕಟ್ಟಿ ನೋಂದಾಯಿಸಬಹುದು.

ಮದುವೆಮನೆಯ ಹಾಡು, ಗಣಪನ ಮುಂದಿನ ನಾಟಕ

ಛತ್ರದಲ್ಲಿ ಸಿನಿಮಾ ಹಾಡು ಹಾಕಿದರೆ ದುಡ್ಡು ಕೊಡಬೇಕೇ? ಹಾಡಿನ ಕಂಪನಿಗಳ ಪರವಾಗಿ ಲೈಸೆನ್ಸು ಕೇಳುವವರುಂಟು. ಆದರೆ ಧಾರ್ಮಿಕ ವಿಧಿಗಳಿಗೆ, ಮದುವೆಯ ಮೆರವಣಿಗೆಗೆ, ಮದುವೆಗೆ ಸಂಬಂಧಿಸಿದ ಸಂಭ್ರಮಗಳಿಗೆ ಕಾಯಿದೆ ವಿನಾಯಿತಿ ಕೊಟ್ಟಿದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರದ ಇಲಾಖೆಯೂ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಇದನ್ನೇ ನೆನಪಿಸಿತು. ಮದುವೆಯ ವಿಡಿಯೋಗೆ ಸಿನಿಮಾ ಹಾಡು ಜೋಡಿಸಿ ಇಂಟರ್ನೆಟ್ಟಿನಲ್ಲಿ ಹರಿಯಬಿಡುವುದು ಮಾತ್ರ ಬೇರೆ ವಿಷಯ. ಅಲ್ಲಿ ಈ ವಿನಾಯಿತಿಯನ್ನು ನಂಬಿ ಕೂರಬೇಡಿ.

ಇನ್ನು ಸೋಬಾನೆ ಪದ? ತಾಯಿಯಿಂದ ಮಗಳಿಗೆ ಬಂದ ಹಾಡು ಎಲ್ಲರದು, ಬಾಯ್ತುಂಬ ಹಾಡಿ. ಆದರೆ ಅದೇ ಪದವನ್ನು ಒಂದು ಕಂಪನಿ ಧ್ವನಿಮುದ್ರಿಸಿದ್ದರೆ ಆ ಮುದ್ರಣದ ಹಕ್ಕು ಅವರದು.

ನಾಟಕದ ಹುಚ್ಚು ನಮ್ಮ ಸೀಮೆಗೆ ಹೊಸದಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ‘ಶಿವಸಂಚಾರ’ ತಂಡವಿದೆ, ನಾಟಕೋತ್ಸವ ನಡೆಯುತ್ತದೆ. ಅದನ್ನು ನೋಡಿ ಬಂದ ಮಹಿಳಾ ಸಮಾಜದವರು ‘ನಾವೂ ಒಂದು ನಾಟಕ ಆಡೋಣ’ ಎಂದು ಹೊರಟರೆ ತಿಳಿದಿರಲಿ: ಹವ್ಯಾಸಿಗಳು ಟಿಕೆಟ್ ಇಲ್ಲದೆ ಆಡಿದರೆ, ಅಥವಾ ದೇವಸ್ಥಾನದಂಥ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಿದರೆ ಉಲ್ಲಂಘನೆಯಾಗದು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು, ಮೇಷ್ಟ್ರು ಆಡಿ, ಶಾಲೆಯವರು ಮತ್ತು ತಂದೆತಾಯಿ ನೋಡಿದರೂ ತೊಂದರೆಯಿಲ್ಲ. ಟಿಕೆಟ್ ಇಟ್ಟು ಲಾಭಕ್ಕೆ ಆಡುವಾಗ ನಾಟಕಕಾರರ ಅನುಮತಿ ಬೇಕೇ ಬೇಕು. ಅನುಮತಿ ಬೇಡದ ಕಡೆಯೂ ಅವರ ಹೆಸರು ಹೇಳುವುದು ಮರ್ಯಾದೆ.

ಮೊಳಕಾಲ್ಮೂರು ಸೀರೆಯ ಮಾನ

ನಮ್ಮ ಜಿಲ್ಲೆಯ ಹೆಮ್ಮೆ ಮೊಳಕಾಲ್ಮೂರು ರೇಷ್ಮೆ ಸೀರೆ. ಹೂವು, ಹಣ್ಣು, ಪ್ರಾಣಿಪಕ್ಷಿಗಳ ಬುಟ್ಟಾ ಇರುವ ಈ ಕೈಮಗ್ಗದ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಧಾರವಾಡ ಪೇಡ, ಇಳಕಲ್ ಸೀರೆ, ಮೈಸೂರು ಮಲ್ಲಿಗೆ, ನಂಜನಗೂಡು ರಸಬಾಳೆ, ಉಡುಪಿಯ ಮಟ್ಟುಗುಳ್ಳ ಇವುಗಳ ಸಾಲಿಗೆ ನಮ್ಮ ಸೀರೆಯೂ ಸೇರಿತು.

ಈ ಗುರುತು ಒಬ್ಬರ ಆಸ್ತಿಯಲ್ಲ. ಮಾರಲೂ ಬರುವುದಿಲ್ಲ, ಬರೆದುಕೊಡಲೂ ಬರುವುದಿಲ್ಲ. ಅಲ್ಲಿ ನೇಯುವವರೆಲ್ಲರ ಕೂಡು ಹಕ್ಕು. ಬೇರೆಲ್ಲೋ ಪವರ್‌ಲೂಮಿನಲ್ಲಿ ನೇಯ್ದದ್ದನ್ನು ಮೊಳಕಾಲ್ಮೂರು ಎಂದು ಮಾರಿದರೆ ಅಪರಾಧ. ಆದರೆ ಒಂದು ಕೊಂಡಿ ಉಳಿದಿದೆ. ನೇಕಾರರು ಪ್ರತಿಯೊಬ್ಬರೂ ‘ಅಧಿಕೃತ ಬಳಕೆದಾರ’ ಎಂದು ತಮ್ಮ ಹೆಸರು ಬರೆಸಿಕೊಂಡರೆ ಮಾತ್ರ ಹಕ್ಕು ಗಟ್ಟಿಯಾಗುತ್ತದೆ. ಅದರ ಅರ್ಜಿ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಿದ್ದಾರೆ. ಮಗ್ಗದ ಮನೆಯಲ್ಲಿ ಕಂಡಿಗೆ ಸುತ್ತುವುದು, ಹುರಿ ಸರಿ ಮಾಡುವುದು ಹೆಂಗಸರೇ. ಹೆಸರು ಬರೆಸುವಾಗ ಗಂಡಸರದು ಮಾತ್ರ ಏಕೆ? ನೇಯುವ ಕೈ ನಿಮ್ಮದಾದರೆ ನಿಮ್ಮ ಹೆಸರೂ ಅಲ್ಲಿರಲಿ.

ಕೊಳ್ಳುವ ನಾವು ಮಾಡಬೇಕಾದದ್ದೂ ಇದೆ. ರೇಷ್ಮೆ ಶುದ್ಧವೇ ಎಂಬುದಕ್ಕೆ ‘ಸಿಲ್ಕ್ ಮಾರ್ಕ್’, ಕೈಮಗ್ಗದ್ದೇ ಎಂಬುದಕ್ಕೆ ‘ಹ್ಯಾಂಡ್‌ಲೂಮ್ ಮಾರ್ಕ್’ ಕೇಳಿ ನೋಡಿ. ಬಿಲ್ಲಿನಲ್ಲಿ ‘ಮೊಳಕಾಲ್ಮೂರು ಕೈಮಗ್ಗ’ ಎಂದು ಬರೆಸಿಕೊಳ್ಳಿ. ಬರೆದುಕೊಡಲು ಅಂಗಡಿಯವರು ಹಿಂದೆಮುಂದೆ ನೋಡಿದರೆ ನಿಮಗೆ ಅರ್ಥವಾಗುತ್ತದೆ!

ಅರಿಶಿನದ ಜಗಳ

ಕೈ ಕೊಯ್ದುಕೊಂಡರೆ ಅರಿಶಿನ ಒತ್ತುವುದನ್ನು ನಮಗೆ ಯಾರು ಕಲಿಸಿದರು? ಅಜ್ಜಿ. ಆದರೆ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ, ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ ಅಲ್ಲಿನ ಸರ್ಕಾರ ಪೇಟೆಂಟ್ ಕೊಟ್ಟುಬಿಟ್ಟಿತ್ತು! ನಮ್ಮ ಸಿ.ಎಸ್.ಐ.ಆರ್. ಸಂಸ್ಥೆ ಹಳೆಯ ಗ್ರಂಥಗಳ ಆಧಾರ ಒಡ್ಡಿ ಹೋರಾಡಿತು; 1997ರಲ್ಲಿ ಪೇಟೆಂಟ್ ರದ್ದಾಯಿತು. ಬೇವಿನ ಎಣ್ಣೆಯಿಂದ ಬೂಷ್ಟು ರೋಗ ತಡೆಯುವ ವಿಧಾನಕ್ಕೆ ಯೂರೋಪಿನಲ್ಲಿ ಕೊಟ್ಟಿದ್ದ ಪೇಟೆಂಟೂ 2000ದಲ್ಲಿ ರದ್ದಾಗಿ, 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಗೊತ್ತಿರುವ ಸಂಗತಿಗೆ ಪೇಟೆಂಟ್ ಇಲ್ಲ ಎಂಬುದೇ ಇದರ ಸಾರ. ಅಜ್ಜಿಯ ಮದ್ದಿಗೆ ಪುಸ್ತಕದ ಸಾಕ್ಷಿ ಬೇಕಾಯಿತೆಂದೇ 2001ರಲ್ಲಿ ಆಯುರ್ವೇದ, ಯುನಾನಿ, ಸಿದ್ಧ, ಯೋಗದ ವಿವರಗಳನ್ನು ಕೂಡಿಸುವ ಪಾರಂಪರಿಕ ಜ್ಞಾನದ ಗ್ರಂಥಾಲಯ ಶುರುವಾಯಿತು.

ಹಾಗಾದರೆ ನಮಗೆ ಪೇಟೆಂಟ್ ಬೇಡವೇ? ನಿಜವಾಗಿ ಹೊಸದನ್ನು ಕಂಡುಹಿಡಿದರೆ ಬೇಕು. ಅದರ ಅವಧಿ 20 ವರ್ಷ. ವ್ಯಕ್ತಿಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿಯಿಂದ ಶುರು. ಪರೀಕ್ಷೆಯ ಶುಲ್ಕ ಮುಂತಾದವು ಬೇರೆ. ಅರ್ಜಿದಾರರಲ್ಲಿ ಒಬ್ಬರಾದರೂ ಹೆಂಗಸಾಗಿದ್ದರೆ ಬೇಗ ಪರೀಕ್ಷಿಸಿ ಎಂದು ಕೇಳುವ ಸೌಲಭ್ಯ 2019ರಿಂದ ಇದೆ. ಪೇಟೆಂಟ್ ಬೇರೆಯವರ ಹೆಸರಿನಲ್ಲಿದ್ದರೂ ‘ಕಂಡುಹಿಡಿದವಳು ನಾನು’ ಎಂಬ ಪ್ರಮಾಣಪತ್ರ ಪಡೆಯಲು 2024ರ ನಿಯಮಗಳು ಅವಕಾಶ ಕೊಟ್ಟಿವೆ. ಒಂದೇ ಎಚ್ಚರ: ಅರ್ಜಿ ಹಾಕುವ ಮುನ್ನ ಉಪಾಯವನ್ನು ಊರಿಗೆಲ್ಲ ತೋರಿಸಬೇಡಿ, ವಿಡಿಯೋ ಹಾಕಬೇಡಿ. ಹೊರಗೆ ಬಿದ್ದದ್ದು ಆಮೇಲೆ ‘ಹೊಸದು’ ಎನಿಸುವುದಿಲ್ಲ.

ಹೊಲಮನೆ ಉಳ್ಳವರಿಗೆ ಒಂದು ಮಾತು. ಗಡಿಗೆಯಲ್ಲಿ ಬೂದಿ ಬೆರೆಸಿ ಬೀಜ ಕಟ್ಟಿಡುವ ನಿಮ್ಮ ಪದ್ಧತಿಗೆ ಕಾನೂನಿನ ಅಡ್ಡಿಯಿಲ್ಲ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯಿದೆಯಂತೆ ರೈತರು ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ರಕ್ಷಿತ ತಳಿಯ ಬೀಜವನ್ನು ಬ್ರಾಂಡಿನ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.

ನಿಮ್ಮ ಮನಸ್ಸಿನಲ್ಲಿ ಏಳಬಹುದಾದ ಪ್ರಶ್ನೆಗಳು

ಅರ್ಜಿ ಯಜಮಾನರ ಹೆಸರಿನಲ್ಲಿ ಹಾಕಿದರೆ ಆಗದೇ?
ಆಗುತ್ತದೆ, ಆದರೆ ಆಗ ಹೆಸರಿನ ಒಡೆಯರು ಅವರೇ. ಟ್ರೇಡ್‌ಮಾರ್ಕ್ ಎಂಬುದು ಮನೆ, ನಿವೇಶನದ ಹಾಗೆ ಆಸ್ತಿ, ಮಾರಬಹುದು, ಬರೆದುಕೊಡಬಹುದು. ನಾಳೆ ಮನೆ ಪಾಲಾದಾಗ, ಜಗಳವಾದಾಗ, ಸಾಲಕ್ಕೆ ಸಿಕ್ಕಿದಾಗ ನಿಮ್ಮ ಕೈರುಚಿಯ ಹೆಸರೂ ಪಾಲಾಗಬಹುದು. ದುಡಿಮೆ ನಿಮ್ಮದಾದರೆ ಅರ್ಜಿಯೂ ನಿಮ್ಮ ಹೆಸರಿನಲ್ಲಿರಲಿ. ಪ್ರೀತಿಯಿಂದಲೇ ಹೇಳಿ ಒಪ್ಪಿಸಿ.

ನಾವು ಹತ್ತು ಮಂದಿ ಸ್ತ್ರೀಶಕ್ತಿ ಸಂಘದವರು ಸೇರಿ ಮಾಡುತ್ತೇವೆ. ಹೆಸರು ಯಾರಿಗೆ?
ಇದನ್ನು ವ್ಯಾಪಾರ ಚೆನ್ನಾಗಿರುವಾಗಲೇ ಕೂತು ತೀರ್ಮಾನಿಸಿ ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಅಧ್ಯಕ್ಷೆಯೊಬ್ಬರ ಹೆಸರಿನಲ್ಲಿ ಹಾಕಿ, ಆಮೇಲೆ ಮನಸ್ತಾಪ ಬಂದರೆ ಒಂಬತ್ತು ಮಂದಿ ಬೀದಿಗೆ ಬೀಳುತ್ತೀರಿ.

ನನ್ನ ಪುಡಿಯನ್ನು ಅಂಗಡಿಯವರು ತಮ್ಮ ಹೆಸರಿನ ಪಾಕೀಟಿನಲ್ಲಿ ಮಾರುತ್ತಾರೆ. ತಪ್ಪೇ?
ನೀವು ಒಪ್ಪಿ ಕೊಟ್ಟಿದ್ದರೆ ತಪ್ಪಲ್ಲ. ಆದರೆ ಜನರ ನಾಲಗೆಗೆ ಅಂಟುವುದು ಅವರ ಹೆಸರು. ಅವರು ನಾಳೆ ಬೇರೆಯವರಿಂದ ಕೊಂಡರೆ ಗಿರಾಕಿಗಳು ಅವರ ಜೊತೆಯೇ ಹೋಗುತ್ತಾರೆ. ಒಂದು ಚೀಟಿಯಾದರೂ ಸರಿ, ನಿಮ್ಮ ಹೆಸರು ಪಾಕೀಟಿನ ಮೇಲಿರಲಿ.

ಪತ್ರಿಕೆಯಲ್ಲಿ ಬಂದ ನನ್ನ ಪಾಕವಿಧಾನವನ್ನು ಒಬ್ಬಾಕೆ ಚಾನೆಲ್ಲಿನಲ್ಲಿ ತೋರಿಸಿದರು.
ಅದೇ ತಿಂಡಿಯನ್ನು ತನ್ನ ಮಾತಿನಲ್ಲಿ ಮಾಡಿ ತೋರಿಸಿದರೆ ಅಡ್ಡಿಯಿಲ್ಲ. ನಿಮ್ಮ ಬರಹವನ್ನೇ ಓದಿದರೆ, ನಿಮ್ಮ ಫೋಟೋ ಹಾಕಿದರೆ ಮೊದಲು ಸೌಮ್ಯವಾಗಿ ಬರೆದು ಕೇಳಿ. ಕೇಳದಿದ್ದರೆ ಆ ಚಾನೆಲ್ ನಡೆಸುವ ಜಾಲತಾಣಕ್ಕೇ ದೂರು ಕೊಡಿ.

ಇವತ್ತೇ ಮಾಡಬಹುದಾದ ಕೆಲಸ

ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಒಂದು ನೋಟುಬುಕ್ಕು ತೆಗೆದುಕೊಂಡು ಮೊದಲ ಪುಟದಲ್ಲಿ ವ್ಯಾಪಾರ ಶುರುಮಾಡಿದ ತಾರೀಖು, ಇಟ್ಟ ಹೆಸರು ಬರೆಯಿರಿ. ಸಿಕ್ಕಿದ ಹಳೆಯ ಬಿಲ್ಲು, ರಸೀತಿ, ಪಾಕೀಟು ಒಂದೊಂದನ್ನೇ ಅಂಟಿಸಿ. ಇನ್ನು ಮುಂದೆ ಎಷ್ಟೇ ಸಣ್ಣ ಮಾರಾಟವಾದರೂ ತಾರೀಖು ಹಾಕಿ ಬಿಲ್ಲು ಬರೆಯುವುದನ್ನು ರೂಢಿ ಮಾಡಿ. ಆಮೇಲೆ ಹೆಸರು ಹುಡುಕಿ, ಹಬ್ಬದ ಸಂಪಾದನೆಯಲ್ಲಿ 4,500 ರೂಪಾಯಿ ಬೇರೆ ತೆಗೆದಿಡಿ. ಈ ಸಲ ಒಂದು ಸೀರೆ ಕಡಿಮೆಯಾದರೂ ಚಿಂತೆಯಿಲ್ಲ, ದುಡಿದು ಗಳಿಸಿದ ಹೆಸರು ನಿಮ್ಮಲ್ಲೇ ಉಳಿಯುತ್ತದೆ.